ಎಲಿಜೆನ್ ಲೇಬ್‌ಕೂಖನ್: ಮೆತ್ತಗಿರುವ ಗುಟ್ಟು ಸಿಪ್ಪೆಯಲ್ಲಿದೆ

ಜರ್ಮನಿಯಲ್ಲಿ ಕ್ರಿಸ್‌ಮಸ್ ಆಗಸ್ಟ್ ಕೊನೆಗೇ ಶುರುವಾಗುತ್ತದೆ. ಜನ ಇನ್ನೂ ಅರ್ಧ ತೋಳಿನ ಅಂಗಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಿರುತ್ತಾರೆ. ಅಷ್ಟರಲ್ಲೇ ಸೂಪರ್‌ಮಾರ್ಕೆಟ್ಟಿನ ಬಾಗಿಲ ಬಳಿ ಲೇಬ್‌ಕೂಖನ್ ಪೊಟ್ಟಣಗಳ ರಾಶಿ ಬಂದು ಕೂತಿರುತ್ತದೆ. ಇಲ್ಲಿನವರು ಪ್ರತಿ ವರ್ಷ ಅದನ್ನು ನೋಡಿ ಬೈಯುತ್ತಾರೆ. "ಈಗಲೇ ಯಾರು ತಿಂತಾರೆ ಇದನ್ನ" ಅಂತಾರೆ. ಆಮೇಲೆ ಒಂದು ಪೊಟ್ಟಣ ಎತ್ತಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ.

ನಾನು ಕೊಳ್ಳುವುದಿಲ್ಲ. ನವೆಂಬರ್ ತನಕ ಕಾದು ಮನೆಯಲ್ಲೇ ಮಾಡುತ್ತೇನೆ. ನಾವಿರುವುದು ಎರ್ಲಾಂಗೆನ್ನಿನಲ್ಲಿ. ಇಲ್ಲಿಂದ ನ್ಯೂರ್ನ್‌ಬರ್ಗಿಗೆ ರೈಲಿನಲ್ಲಿ ಸುಮಾರು 20 ನಿಮಿಷ. ಲೇಬ್‌ಕೂಖನ್ನಿನ ರಾಜಧಾನಿ ಅಂದರೆ ಅದೇ ಊರು. ಅಲ್ಲಿ ತಯಾರಾದದ್ದಕ್ಕೆ ಮಾತ್ರ "ನ್ಯೂರ್ನ್‌ಬರ್ಗರ್ ಲೇಬ್‌ಕೂಖನ್" ಅನ್ನುವ ಹೆಸರು ಹಾಕಬೇಕು ಅಂತ 1996ರಿಂದ ಯುರೋಪಿನ ಕಾನೂನೇ ಇದೆ. ಹಾಗಾಗಿ ನಾನು ಎರ್ಲಾಂಗೆನ್ನಿನ ಅಡುಗೆಮನೆಯಲ್ಲಿ ಮಾಡಿದ್ದನ್ನು ಹಾಗೆ ಕರೆದು ಮಾರುವಂತಿಲ್ಲ. ಮಾರುವ ಯೋಚನೆಯೂ ಇಲ್ಲ ಬಿಡಿ, ಮನೆಗೇ ಸಾಲುವುದಿಲ್ಲ.

ಗೊತ್ತಿಲ್ಲದವರಿಗೆ: ಲೇಬ್‌ಕೂಖನ್ ಅಂದರೆ ಜೇನು, ಮಸಾಲೆ, ಬಾದಾಮಿ, ಸಕ್ಕರೆ ಪಾಕದಲ್ಲಿ ಬೆಂದ ಹಣ್ಣಿನ ಸಿಪ್ಪೆ ಎಲ್ಲ ಸೇರಿದ ದುಂಡಗಿನ ಕುಕ್ಕಿ. ಅಂಗೈಯಗಲ ಇರುತ್ತದೆ. ಅದರಲ್ಲೇ ಹತ್ತಾರು ಬಗೆ. ನಾನು ಹೇಳಲು ಹೊರಟಿರುವುದು ಎಲಿಜೆನ್ ಅನ್ನುವ ಬಗೆ, ಅದು ಎಲ್ಲಕ್ಕಿಂತ ಮೇಲು. ಆ ಹೆಸರು ಬೇಕಾದರೆ ಅದರಲ್ಲಿ ಕನಿಷ್ಠ ಶೇಕಡಾ 25ರಷ್ಟು ಬಾದಾಮಿ, ಹೇಸಲ್‌ನಟ್ ಅಥವಾ ಅಕ್ರೋಟು ಇರಬೇಕು. ಮೈದಾ ಶೇಕಡಾ 10 ದಾಟುವಂತಿಲ್ಲ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಮೈದಾ ಹಾಕುವುದೇ ಇಲ್ಲ. ಎಲಿಸಬೆತ್ ಅನ್ನುವ ಹುಡುಗಿಗೆ ಹುಷಾರಿಲ್ಲದಾಗ ಲೇಬ್‌ಕೂಖನ್ ಮಾಡುವ ಅವಳ ಅಪ್ಪ ಮೈದಾ ಬಿಟ್ಟು, ಒಳ್ಳೊಳ್ಳೆ ಮಸಾಲೆ ಹಾಕಿ ಮಾಡಿಕೊಟ್ಟನಂತೆ, ಅವಳು ತಿಂದು ಎದ್ದು ಕೂತಳಂತೆ, ಅದಕ್ಕೇ ಈ ಹೆಸರು ಅಂತ ಒಂದು ಕಥೆ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಆದರೆ ಮಕ್ಕಳಿಗೆ ಹೇಳಲು ಚೆನ್ನಾಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಲೇಬ್‌ಕೂಖನ್ ಮಾಡಿ ಕೈ ಸುಟ್ಟುಕೊಂಡವರೆಲ್ಲ ಒಂದೇ ದೂರು ಹೇಳುತ್ತಾರೆ: "ಎರಡು ದಿನಕ್ಕೆ ಕಲ್ಲಾಯ್ತು." ಓವನ್ ಸರಿಯಿಲ್ಲ ಅಂತಾರೆ, ಬೆಣ್ಣೆ ಹಾಕಬೇಕಿತ್ತೇನೋ ಅಂತಾರೆ. ಎಲಿಜೆನ್‌ಗೆ ಬೆಣ್ಣೆಯೇ ಇಲ್ಲ. ಅದು ವಾರಗಟ್ಟಲೆ ಮೆತ್ತಗಿರುವುದು ಮುಖ್ಯವಾಗಿ ಒಳಗಿರುವ ಸಕ್ಕರೆ ಸಿಪ್ಪೆಯಿಂದ. ಪಾಕ ಕುಡಿದ ಸಿಪ್ಪೆ ತೇವವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಓವನ್ನಿನಲ್ಲೂ ಪೂರ್ತಿ ಬಿಡುವುದಿಲ್ಲ. ಆಮೇಲೆ ಡಬ್ಬಿಯಲ್ಲಿ ಕೂತಾಗ ಸುತ್ತಲಿನ ಬಾದಾಮಿ ಪುಡಿಗೆ ನಿಧಾನಕ್ಕೆ ಕೊಡುತ್ತಾ ಹೋಗುತ್ತದೆ. ಹಾಗಾಗಿ ಸಿಪ್ಪೆ ಹೇಗಿದೆಯೋ ಕುಕ್ಕಿ ಹಾಗೆ. ಸಿಪ್ಪೆಯಲ್ಲಿ ಜಿಪುಣತನ ಮಾಡಿದರೆ ಉಳಿದಿದ್ದು ಏನು ಮಾಡಿದರೂ ಅಷ್ಟಕ್ಕಷ್ಟೇ.

ತಮಾಷೆ ಅಂದರೆ ಜರ್ಮನಿಯಲ್ಲಿ ಬಹಳ ಜನರಿಗೆ ಈ ಸಿಪ್ಪೆ ಕಂಡರೆ ಆಗುವುದಿಲ್ಲ. ಕಿತ್ತಳೆ ಜಾತಿಯದಕ್ಕೆ ಓರಾಂಜಾಟ್ ಅಂತಾರೆ, ಹಸಿರು ಬಣ್ಣದ್ದಕ್ಕೆ ಸಿಟ್ರೋನಾಟ್. ಎರಡೂ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದೇ ಅಳತೆಯ ಚೌಕ ಚೌಕ ತುಂಡಾಗಿ ಸಿಗುತ್ತವೆ. ನನ್ನ ಮಗ ಶಾಲೆಗೆ ಸೇರಿದ ವರ್ಷವೇ ಗೆಳೆಯರಿಂದ ಕಲಿತುಬಂದ ವಿದ್ಯೆ ಏನು ಗೊತ್ತಾ? ಕ್ರಿಸ್‌ಮಸ್ಸಿಗೆ ಮಾಡುವ ಸ್ಟೋಲನ್ ಅನ್ನುವ ಸಿಹಿ ಬ್ರೆಡ್ಡಿನಿಂದ ಆ ಚೌಕಗಳನ್ನು ಉಗುರಲ್ಲಿ ಕಿತ್ತು ತಟ್ಟೆಯ ಅಂಚಿಗೆ ಸಾಲಾಗಿ ಇಡುವುದು. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಅಂಗಡಿಯ ತುಂಡು ಬಾಯಿಗೆ ಹಾಕಿಕೊಂಡು ನೋಡಿ. ಮೊದಲು ಬರೀ ಸಕ್ಕರೆ, ಆಮೇಲೆ ಸೋಪಿನ ವಾಸನೆಯ ನೆನಪು ತರುವ ಏನೋ ಒಂದು. ಹಣ್ಣು ಎಲ್ಲೂ ಇಲ್ಲ.

ಸಿಟ್ರೋನಾಟ್ ಯಾವ ಹಣ್ಣಿನದು ಅಂತ ನಾನು ಬಹಳ ಕಾಲ ವಿಚಾರಿಸಿಯೇ ಇರಲಿಲ್ಲ. ನಿಂಬೆ ಇರಬೇಕು ಅಂದುಕೊಂಡು ಸುಮ್ನೆ ಇದ್ದೆ. ಒಂದು ನವೆಂಬರಿನಲ್ಲಿ ಇಟಲಿಯವರ ತರಕಾರಿ ಅಂಗಡಿಯ ಮುಂದೆ ಬುಟ್ಟಿ ತುಂಬ ಗುಬ್ಬಗುಬ್ಬ ಸಿಪ್ಪೆಯ ದೊಡ್ಡ ಹಳದಿ ಹಣ್ಣು ಇಟ್ಟಿದ್ದರು. ಒಂದೊಂದೂ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಮೂಸಿದ ತಕ್ಷಣ ಗೊತ್ತಾಯಿತು. ನಮ್ಮ ಮಾದಲ ಹಣ್ಣು! ಹೊನ್ನಾವರದ ನಮ್ಮ ತೋಟದಲ್ಲಿ, ಬಾವಿ ಕಟ್ಟೆಯ ಹಿಂದೆ ಇದರ ಒಂದು ಗಿಡ ಇದೆ. ಮೈ ತುಂಬ ಮುಳ್ಳು. ಕುಯ್ದರೆ ಮುಕ್ಕಾಲು ಪಾಲು ಬಿಳಿ ಸಿಪ್ಪೆ, ನಡುವೆ ಸ್ವಲ್ಪ ತಿರುಳು, ರಸ ಅಂತೂ ಹೆಸರಿಗೆ ಮಾತ್ರ. ಊರಲ್ಲಿ ಇದಕ್ಕೆ ಉಪ್ಪಿನಕಾಯಿ ಬಿಟ್ಟರೆ ಬೇರೆ ಗತಿ ಇಲ್ಲ.

ಫೋನಿನಲ್ಲಿ ಆಯಿಗೆ, ಅಂದರೆ ಅಮ್ಮನಿಗೆ ಹೇಳಿದೆ, ಇಲ್ಲಿ ಇದನ್ನು ಸಕ್ಕರೆ ಪಾಕದಲ್ಲಿ ಹಾಕುತ್ತಾರೆ ಅಂತ.

"ಅದಕ್ಕೆ ಸಕ್ಕರೆ ಎಂತಕ್ಕೆ ಕೂಸೆ? ಉಪ್ಪು ಹಾಕಿರೆ ಸಾಕು" ಅಂದಳು.

ಆಯಿ ಹೇಳಿದ್ದು ಅರ್ಧ ಸರಿ. ಇಟಲಿಯ ಕಲಾಬ್ರಿಯಾ, ಫ್ರಾನ್ಸಿನ ಕಾರ್ಸಿಕಾ ಕಡೆ ಈ ಹಣ್ಣು ಬೆಳೆಯುತ್ತಾರೆ. ಅಲ್ಲಿ ಸಿಟ್ರೋನಾಟ್ ಮಾಡುವವರೂ ಮೊದಲು ಹೋಳನ್ನು ಉಪ್ಪು ನೀರಿನಲ್ಲಿ ಬಹಳ ದಿನ ನೆನೆಹಾಕುತ್ತಾರೆ. ಹಿಂದೆಲ್ಲ ಸಮುದ್ರದ ನೀರಲ್ಲೇ ಹಾಕುತ್ತಿದ್ದರು. ಉಪ್ಪು ಕಹಿ ತೆಗೆಯುತ್ತದೆ, ಸಿಪ್ಪೆಯನ್ನು ಪಾಕ ಕುಡಿಯಲು ಹದ ಮಾಡುತ್ತದೆ. ಆಮೇಲೆ ಉಪ್ಪು ತೊಳೆದು ಸಕ್ಕರೆಗೆ. ಹಣ್ಣಿನ ಮೂಲ ನಮ್ಮ ದೇಶದ ಈಶಾನ್ಯದ ಕಡೆ, ಹಿಮಾಲಯದ ತಪ್ಪಲು. ಅಲ್ಲಿಂದ ಪರ್ಷಿಯಾಕ್ಕೆ ಹೋಗಿ, ಕಿತ್ತಳೆ ನಿಂಬೆ ಯಾವುದೂ ಮೆಡಿಟರೇನಿಯನ್ ಕಡೆ ತಲುಪುವ ಮೊದಲೇ ಇದು ತಲುಪಿತ್ತು. ಸಾವಿರಾರು ವರ್ಷ ನಡೆದುಬಂದ ಹಣ್ಣು, ಕೊನೆಗೆ ನನ್ನ ಮಗನ ಉಗುರಿಗೆ ಸಿಕ್ಕಿತು ನೋಡಿ.

ಆಗಿನಿಂದ ಸಿಪ್ಪೆಯನ್ನು ನಾನೇ ಮಾಡುತ್ತೇನೆ. ಕಷ್ಟದ ಕೆಲಸ ಅಲ್ಲ, ಆದರೆ ಅವಸರ ಸಲ್ಲದು. ಒಂದು ವಾರ ಬೇಕು. ದಿನಕ್ಕೆ ಹತ್ತು ನಿಮಿಷ ಅಷ್ಟೆ.

ಕಿತ್ತಳೆಯಾದರೆ ಸಾವಯವದ್ದೇ ತನ್ನಿ. ಇಲ್ಲಿ ಮಾಮೂಲಿ ಕಿತ್ತಳೆಯ ಚೀಲದ ಮೇಲೆ "ಸಿಪ್ಪೆ ತಿನ್ನಲು ಯೋಗ್ಯವಲ್ಲ" ಅಂತ ಬರೆದೇ ಇರುತ್ತಾರೆ. ಮೇಣ, ಬೂಷ್ಟು ಹಿಡಿಯದ ಹಾಗೆ ಹಾಕುವ ಔಷಧ ಎಲ್ಲ ಅದರ ಮೈಮೇಲೆ ಇರುತ್ತದೆ. ತೊಳೆದರೆ ಪೂರ್ತಿ ಹೋಗುವುದಿಲ್ಲ. ಸಿಪ್ಪೆ ನಾಲ್ಕು ಭಾಗ ಮಾಡಿ ಬಿಡಿಸಿ. ಒಳಗಿನ ಬಿಳಿ ಭಾಗ ಕೆರೆದು ಎಸೆಯಬೇಡಿ, ಪಾಕ ಕುಡಿಯುವುದೇ ಅದು. ತಣ್ಣೀರಿಗೆ ಹಾಕಿ ಕುದಿ ಬರಿಸಿ, ನೀರು ಚೆಲ್ಲಿ. ಹೀಗೆ ಎರಡು ಮೂರು ಸಲ. ಕಹಿ ಪೂರ್ತಿ ಹೋಗಬಾರದು, ಸ್ವಲ್ಪ ಉಳಿದರೇ ರುಚಿ. ಮಾದಲ ಸಿಕ್ಕರೆ ಹೋಳು ಮಾಡಿ ಎರಡು ದಿನ ಉಪ್ಪು ನೀರಿನಲ್ಲಿಡಿ, ದಿನಾ ನೀರು ಬದಲಿಸಿ, ಆಮೇಲೆ ಕುದಿಸಿ. ಎರಡಕ್ಕೂ ಪರೀಕ್ಷೆ ಒಂದೇ: ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಇಲ್ಲಿ ಬೇಯದೆ ಉಳಿದ ಸಿಪ್ಪೆ ಪಾಕಕ್ಕೆ ಬಿದ್ದ ಮೇಲೆ ಬೇಯುವುದೇ ಇಲ್ಲ.

ಬೆಂದ ಸಿಪ್ಪೆ ಅರ್ಧ ಕಿಲೋ ಇದ್ದರೆ ಅರ್ಧ ಕಿಲೋ ಸಕ್ಕರೆ, ಅರ್ಧ ಲೀಟರ್ ನೀರು. ಸಕ್ಕರೆ ಕರಗಿದ ಮೇಲೆ ಸಿಪ್ಪೆ ಹಾಕಿ ಒಂದು ಕುದಿ ಬರಿಸಿ, ಒಲೆ ಆರಿಸಿ ಮುಚ್ಚಿಡಿ. ಮಾರನೇ ದಿನ ಸಿಪ್ಪೆ ತೆಗೆದು ಪಾಕ ಮಾತ್ರ ಸ್ವಲ್ಪ ಕುದಿಸಿ, ಸಿಪ್ಪೆ ಮತ್ತೆ ಹಾಕಿ. ದಿನಾ ಇದೇ ಕೆಲಸ. ಪಾಕ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಬರುತ್ತದೆ. ಮೊದಲ ದಿನವೇ ಎಳೆ ಪಾಕಕ್ಕೆ ಹಾಕಿಬಿಟ್ಟರೆ ಏನಾಗುತ್ತದೆ ಅಂದರೆ, ಸಕ್ಕರೆ ಒಳಗೆ ಹೋಗುವುದಕ್ಕಿಂತ ಬೇಗ ಸಿಪ್ಪೆಯ ನೀರು ಹೊರಗೆ ಬಂದುಬಿಡುತ್ತದೆ. ಸಿಪ್ಪೆ ಸುರುಟಿಕೊಂಡು ಚರ್ಮದಂತಾಗುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ. ನೆಲ್ಲಿಕಾಯಿ ಮೊರಬ್ಬ ಮಾಡುವವರಿಗೆ ಇದು ಹೊಸ ಮಾತಲ್ಲ.

ಐದಾರು ದಿನಕ್ಕೆ ಪಾಕ ಜೇನಿನಷ್ಟು ಮಂದ ಆಗುತ್ತದೆ. ಒಂದು ಹೋಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು. ಕೊನೆಯ ದಿನ ಎರಡು ಚಮಚ ಜೇನು, ಒಂದು ಚಮಚ ನಿಂಬೆರಸ ಹಾಕಿ ಕುದಿಸಿ. ಹಾಗೆ ಮಾಡಿದರೆ ಸಕ್ಕರೆ ಮರಳಿ ಹರಳು ಕಟ್ಟುವುದಿಲ್ಲ. ಜೇನಿಗೆ ಇನ್ನೊಂದು ಗುಣವೂ ಇದೆ, ಗಾಳಿಯ ತೇವವನ್ನು ಎಳೆದು ಇಟ್ಟುಕೊಳ್ಳುತ್ತದೆ. ನಾನು ಒಣಗಿಸುವ ಗೋಜಿಗೇ ಹೋಗುವುದಿಲ್ಲ. ಪಾಕದ ಸಮೇತ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುತ್ತೇನೆ. ಬೇಕಾದಾಗ ತೆಗೆದು ಸೋಸಿದರೆ ಆಯಿತು.

ಮಸಾಲೆಯ ಮಾತು ಎತ್ತಿದರೆ ನನ್ನ ಊರಿನ ಕಥೆ ಬರುತ್ತದೆ, ಸ್ವಲ್ಪ ತಾಳಿಕೊಳ್ಳಿ.

ನ್ಯೂರ್ನ್‌ಬರ್ಗ್ ಸಮುದ್ರದಿಂದ ಬಲು ದೂರ. ಆದರೂ ಚಕ್ಕೆ ಲವಂಗದ ತಿಂಡಿಗೆ ಹೇಗೆ ಹೆಸರಾಯಿತು? ಜೇನಿಗೆ ಕೊರತೆ ಇರಲಿಲ್ಲ. ಊರ ಸುತ್ತ ದೊಡ್ಡ ಕಾಡು. ಅಲ್ಲಿ ಜೇನು ಕೀಳುವವರಿಗೆ ನಾಲ್ಕನೇ ಕಾರ್ಲ್ ದೊರೆ 1350ರಲ್ಲಿ ವಿಶೇಷ ಹಕ್ಕು ಕೊಟ್ಟಿದ್ದ. ಮಸಾಲೆ ಬರುತ್ತಿದ್ದದ್ದು ವೆನಿಸ್ ಕಡೆಯಿಂದ, ಆಲ್ಪ್ಸ್ ಬೆಟ್ಟ ದಾಟಿ. ವ್ಯಾಪಾರದ ದಾರಿಗಳು ಕೂಡುವ ಊರು ಇದು. ಲೇಬ್‌ಕೂಖನ್ ಮಾಡುವವರು ಎಷ್ಟಾದರು ಅಂದರೆ 1643ರಲ್ಲಿ ಬ್ರೆಡ್ ಮಾಡುವವರಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡರು.

ಪೋರ್ಚುಗೀಸರು ಸಮುದ್ರದ ದಾರಿ ಕಂಡುಕೊಂಡ ಮೇಲೆ ಇಲ್ಲಿನ ಸಾಹುಕಾರರು ಸುಮ್ಮನೆ ಕೂರಲಿಲ್ಲ. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡಾನ ಹಡಗು ಪಡೆ ಲಿಸ್ಬನ್ನಿನಿಂದ ಹೊರಟಿತಲ್ಲ, ಅದರ ಮೂರು ಹಡಗಿಗೆ ದುಡ್ಡು ಹಾಕಿದವರಲ್ಲಿ ಜರ್ಮನ್ ವ್ಯಾಪಾರಿಗಳೂ ಇದ್ದರು. ಹೆಚ್ಚಿನವರು ಆಗ್ಸ್‌ಬರ್ಗಿನವರು. ನ್ಯೂರ್ನ್‌ಬರ್ಗಿನ ಇಮ್‌ಹೋಫ್, ಹಿರ್ಷ್‌ಫೋಗೆಲ್ ಮನೆತನಗಳ ದುಡ್ಡೂ ಅದರಲ್ಲಿತ್ತು. ಆ ಪಡೆ ನಮ್ಮ ಕರಾವಳಿಗೆ ಬಂದು ಕಾರವಾರದ ಪಕ್ಕದ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿಗೆ ನುಗ್ಗಿ ಹಡಗುಗಳಿಗೆ ಬೆಂಕಿ ಇಟ್ಟಿತು. ಆಮೇಲೆ ಕಣ್ಣೂರು, ಕೊಚ್ಚಿ, ಕಾಳುಮೆಣಸು. ಇದನ್ನು ಓದಿದ ಮೇಲೆ ನ್ಯೂರ್ನ್‌ಬರ್ಗಿನ ಹಳೇ ಪೇಟೆಯಲ್ಲಿ ನಡೆಯುವಾಗ ಆ ದೊಡ್ಡ ಕಲ್ಲಿನ ಮನೆಗಳನ್ನು ನಾನು ಸ್ವಲ್ಪ ಬೇರೆ ಕಣ್ಣಿನಿಂದ ನೋಡುತ್ತೇನೆ. ಕೆಳಗಿನ ಮನೆಯ ಅಜ್ಜಿಗೆ ಒಮ್ಮೆ ಇದನ್ನೆಲ್ಲ ಹೇಳಿದೆ. ಅವರು ಇದೇ ಕಡೆಯವರು, ಎಂಬತ್ತು ದಾಟಿದ್ದಾರೆ. "ಹಾಗಾದ್ರೆ ನಿಮ್ಮ ಊರಿಗೆ ಒಂದು ಡಬ್ಬಿ ಲೇಬ್‌ಕೂಖನ್ ಬಾಕಿ ಇದೆ ಅಂತಾಯ್ತು" ಅಂದರು. ಒಂದು ಡಬ್ಬಿಗೆ ಮುಗಿಯುವ ಲೆಕ್ಕವೇ ಅದು?

ಸರಿ, ಮಸಾಲೆ. ಇಲ್ಲಿ ಸಣ್ಣ ಪೊಟ್ಟಣದಲ್ಲಿ ಪುಡಿ ಮಾಡಿದ್ದೇ ಸಿಗುತ್ತದೆ. ತರಬೇಡಿ. ಅದರಲ್ಲಿ ಏಲಕ್ಕಿ ಅನ್ನುವುದು ಬೂದಿ ಬಣ್ಣಕ್ಕೆ ತಿರುಗಿ ಯಾವ ಕಾಲವಾಯಿತೋ. ನನಗೆ ಏಲಕ್ಕಿ, ಜಾಯಿಕಾಯಿ, ಜಾಪತ್ರೆ ಮೂರೂ ಊರಿಂದ ಬರುತ್ತವೆ. ಅಡಿಕೆ ತೋಟದ ನೆರಳಲ್ಲಿ ಜಾಯಿಕಾಯಿ ನಮ್ಮ ಕಡೆ ಚೆನ್ನಾಗಿ ಆಗುತ್ತದೆ. ನನ್ನ ಅಳತೆ ಹೀಗೆ: ಚಕ್ಕೆ ಪುಡಿ ಆರು ಸಣ್ಣ ಚಮಚ. ಲವಂಗ, ಏಲಕ್ಕಿ, ಕೊತ್ತಂಬರಿ ಬೀಜದ ಪುಡಿ ಒಂದೊಂದು ಚಮಚ. ಜಾಯಿಕಾಯಿ, ಜಾಪತ್ರೆ, ಒಣಶುಂಠಿ, ಚಕ್ರಮೊಗ್ಗು ಅರ್ಧರ್ಧ. ಸಿಹಿಗೆ ಕೊತ್ತಂಬರಿ ಬೀಜವೇ ಅಂತ ಮೂಗು ಮುರಿಯಬೇಡಿ. ದಿನಾ ಬೆಳಿಗ್ಗೆ ಕಷಾಯಕ್ಕೆ ಹಾಕಿಕೊಂಡು ಬೆಲ್ಲದ ಜೊತೆ ಕುಡಿಯುವವರು ನಾವೇ ಅಲ್ವಾ? ಚಕ್ಕೆ ಮಾತ್ರ ಸಿಲೋನಿನದು ಒಳ್ಳೆಯದು. ಮಾಮೂಲಿ ದಪ್ಪ ಚಕ್ಕೆಯಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ, ಬಹಳ ತಿಂದರೆ ಪಿತ್ತಜನಕಾಂಗಕ್ಕೆ ಅಂದರೆ ಲಿವರಿಗೆ ಆಗುವುದಿಲ್ಲ ಅಂತ ಇಲ್ಲಿನ ಆಹಾರ ಇಲಾಖೆಯವರು ಎಚ್ಚರಿಸಿದ್ದಾರೆ. ಡಿಸೆಂಬರಿನಲ್ಲಿ ಮಕ್ಕಳು ತಿನ್ನುವ ಚಕ್ಕೆಯ ಲೆಕ್ಕ ನೋಡಿದರೆ ಎಚ್ಚರಿಕೆ ಬೇಕಾದ್ದೇ.

ಈಗ ಕಲಸುವ ಕೆಲಸ. ಸುಮಾರು ಇಪ್ಪತ್ತು ಆಗುತ್ತದೆ.

ನಾಲ್ಕು ಮೊಟ್ಟೆ, 200 ಗ್ರಾಂ ಕಂದು ಸಕ್ಕರೆ, ಒಂದು ದೊಡ್ಡ ಚಮಚ ಜೇನು. ಇಷ್ಟನ್ನೂ ಬೀಟರಿನಲ್ಲಿ ಚೆನ್ನಾಗಿ ನೊರೆ ಬರುವ ತನಕ ತಿರುಗಿಸಿ. (ಮೊಟ್ಟೆ ವಿಷಯ ಆಯಿಗೆ ಹೇಳಿದ್ದೇನೆ. ಅವಳು ಕೇಳಿಸಿಕೊಂಡಿಲ್ಲ. ನಾನೂ ಎರಡನೇ ಸಲ ಹೇಳಿಲ್ಲ.) ಪಾಕದಿಂದ ಸೋಸಿದ ಸಿಪ್ಪೆ ಎರಡೂ ಸೇರಿ 200 ಗ್ರಾಂ. ಇದನ್ನು ತುಂಡು ಮಾಡಿ ಹಾಗೇ ಹಾಕಬೇಡಿ. ಒಂದು ಹಿಡಿ ಬಾದಾಮಿ ಪುಡಿಯ ಜೊತೆ ಮಿಕ್ಸಿಗೆ ಹಾಕಿ ತರಿತರಿಯಾಗಿ ತಿರುವಿ. ಬಾದಾಮಿ ಪುಡಿ ಇಲ್ಲದಿದ್ದರೆ ಸಿಪ್ಪೆ ಬ್ಲೇಡಿಗೆ ಅಂಟಿಕೊಂಡು ಸುಮ್ನೆ ಕೂತುಬಿಡುತ್ತದೆ. ಹೀಗೆ ಮಾಡಿದರೆ ಎರಡು ಲಾಭ. ಸಿಪ್ಪೆಯ ತೇವ ಇಡೀ ಹಿಟ್ಟಿಗೆ ಹರಡುತ್ತದೆ. ಉಗುರಲ್ಲಿ ಕೀಳಲು ತುಂಡೇ ಸಿಗುವುದಿಲ್ಲ. ಮಗ ಈಗ ಮೂರು ತಿಂದು ನಾಲ್ಕನೆಯದಕ್ಕೆ ಕೈ ಹಾಕುತ್ತಾನೆ. ಒಳಗೆ ಏನಿದೆ ಅಂತ ಅವನು ಕೇಳಿಲ್ಲ, ಇನ್ನು ದೊಡ್ಡವನಾದ ಮೇಲೆ ಇದನ್ನು ಓದಿಕೊಳ್ಳಲಿ.

ಬಾದಾಮಿ ಪುಡಿ 200 ಗ್ರಾಂ, ಹೇಸಲ್‌ನಟ್ ಪುಡಿ 200 ಗ್ರಾಂ. ಹೇಸಲ್‌ನಟ್ ಮೊದಲು ಹುರಿದು ಸಿಪ್ಪೆ ಉಜ್ಜಿ ತೆಗೆದು ಪುಡಿ ಮಾಡಿದರೆ ಪರಿಮಳವೇ ಬೇರೆ. ಮಸಾಲೆ ಮೂರು ಸಣ್ಣ ಚಮಚ, ಒಂದು ನಿಂಬೆಯ ಮೇಲುಸಿಪ್ಪೆ ತುರಿದದ್ದು, ಚಿಟಿಕೆ ಉಪ್ಪು. ಹಳೇ ಕಾಲದವರು ಇದಕ್ಕೆ ಜಿಂಕೆ ಕೊಂಬಿನ ಉಪ್ಪು ಅಂತ ಒಂದು ಹಾಕುತ್ತಾರೆ. ಹಿಂದೆ ನಿಜವಾಗಿಯೂ ಕೊಂಬಿನಿಂದ ತೆಗೆಯುತ್ತಿದ್ದರು, ಈಗ ಕಾರ್ಖಾನೆಯದು. ನಮ್ಮ ಬೇಕರಿಗಳಲ್ಲಿ ಬಿಸ್ಕತ್ತಿಗೆ ಹಾಕುವ ಅಮೋನಿಯಾ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಓವನ್ ಬಾಗಿಲು ತೆಗೆದರೆ ಮೂಗು ಉರಿಯುತ್ತದೆ. ಕೆಳಗಿನ ಅಜ್ಜಿ ಅದಿಲ್ಲದೆ ಮಾಡುವುದೇ ಇಲ್ಲ. ನಾನು ಹಾಕುವುದಿಲ್ಲ, ಮೊಟ್ಟೆಯ ನೊರೆ ಸಾಕು.

ಕಲಸಿದ್ದು ಉದ್ದಿನ ವಡೆ ಹಿಟ್ಟಿನ ಹದಕ್ಕಿರಬೇಕು. ಚಮಚದಿಂದ ತಾನಾಗಿ ಬೀಳಬಾರದು, ಬೆರಳಿಂದ ತಳ್ಳಿದರೆ ಬೀಳಬೇಕು. ತೆಳ್ಳಗಾದರೆ ಇನ್ನಷ್ಟು ಬಾದಾಮಿ ಪುಡಿ. ಗಂಟೆ ಹೊತ್ತು ಮುಚ್ಚಿಟ್ಟರೆ ಪುಡಿ ತೇವ ಹೀರಿ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಅವಸರಪಟ್ಟು ಪುಡಿ ಸುರಿಯಬೇಡಿ.

ಇದನ್ನು ಒಬ್ಲಾಟೆನ್ ಮೇಲೆ ಹಚ್ಚಬೇಕು. ಅದು ಗೋಧಿ ಹಿಟ್ಟು, ಗಂಜಿ ಪುಡಿಯಿಂದ ಮಾಡಿದ ಕಾಗದದಷ್ಟು ತೆಳು ಬಿಲ್ಲೆ, ತಿನ್ನುವಂಥದ್ದು. ಚರ್ಚಿನಲ್ಲಿ ಪ್ರಸಾದವಾಗಿ ಕೊಡುವ ಬಿಲ್ಲೆಯ ಜಾತಿಯೇ. ಅಂಟು ಹಿಟ್ಟು ತಟ್ಟೆಗೆ ಹಿಡಿಯದಿರಲಿ, ತಳ ಒಣಗದಿರಲಿ ಅಂತ ಈ ಉಪಾಯ. 70 ಮಿಲಿಮೀಟರಿನದು ತನ್ನಿ. ಹಿಟ್ಟು ನಡುವೆ ಗುಡ್ಡವಾಗಿ, ಅಂಚಿಗೆ ತೆಳ್ಳಗೆ ಬರುವಂತೆ ಒದ್ದೆ ಚಾಕುವಿನಿಂದ ಹಚ್ಚಿ. ಇದಕ್ಕೆ ಗಂಟೆಯ ಆಕಾರದ ಒಂದು ಮರದ ಅಚ್ಚೂ ಸಿಗುತ್ತದೆ. ನೋಡಲು ಚೆಂದ, ಕೆಲಸಕ್ಕೆ ಚಾಕುವೇ ವಾಸಿ.

ಹಚ್ಚಿದ ತಕ್ಷಣ ಓವನ್ನಿಗೆ ತಳ್ಳಬೇಡಿ. ರಾತ್ರಿಯಿಡೀ ಹಾಗೇ ತೆರೆದಿಡಿ. ಮೇಲೆ ತೆಳ್ಳನೆ ಒಣ ಪದರ ಬರುತ್ತದೆ. ಅದು ಬಂದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಆಕಾರವೂ ಕೆಡುವುದಿಲ್ಲ. ಬೆಳಿಗ್ಗೆ 150 ಡಿಗ್ರಿ ಫ್ಯಾನಿನಲ್ಲಿ ಸುಮಾರು 20 ನಿಮಿಷ. ಫ್ಯಾನ್ ಇಲ್ಲದಿದ್ದರೆ 170. ತೆಗೆಯುವಾಗ ಇನ್ನೂ ಬೆಂದಿಲ್ಲವೇನೋ ಅನ್ನುವಷ್ಟು ಮೆತ್ತಗಿರಬೇಕು. ಒತ್ತಿದರೆ ಗುಳಿ ಬೀಳಬೇಕು. ಗಟ್ಟಿಯಾಗುವ ತನಕ ಬಿಟ್ಟರೆ ಸಿಪ್ಪೆಯೂ ಏನೂ ಮಾಡಲಾರದು.

ಆರಿದ ಮೇಲೆ ಮೂರಲ್ಲಿ ಒಂದು ಪಾಲಿಗೆ ಚಾಕೊಲೇಟ್, ಒಂದು ಪಾಲಿಗೆ ಸಕ್ಕರೆ ಲೇಪ, ಇನ್ನೊಂದು ಪಾಲು ಹಾಗೇ. ನನಗೆ ಹಾಗೇ ಇರುವುದು ಇಷ್ಟ. ಚಾಕೊಲೇಟ್ ಮಸಾಲೆಯ ಬಾಯಿ ಮುಚ್ಚಿಸುತ್ತದೆ.

ಆಮೇಲೆ ತಗಡಿನ ಡಬ್ಬಿ. ಪ್ಲಾಸ್ಟಿಕ್ ಬೇಡ, ಬೆವರುತ್ತದೆ. ಸಾಲುಗಳ ನಡುವೆ ಬಟರ್ ಪೇಪರ್ ಹಾಕಿ, ಕನಿಷ್ಠ ಒಂದು ವಾರ ಮುಟ್ಟಬೇಡಿ. ಮೊದಲ ದಿನ ತಿಂದರೆ ಲವಂಗ ಒಂದು ಕಡೆ, ಕಿತ್ತಳೆ ಒಂದು ಕಡೆ ಕೂಗುತ್ತಿರುತ್ತವೆ. ವಾರದ ಮೇಲೆ ಯಾವುದು ಯಾವುದು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಅಂಚು ಒಣಗಿದಂತೆ ಕಂಡರೆ ಒಂದು ಸೀಳು ಸೇಬು ಡಬ್ಬಿಯೊಳಗಿಡಿ, ಎರಡು ದಿನಕ್ಕೊಮ್ಮೆ ಬದಲಿಸಿ. ಮರೆತರೆ ಬೂಷ್ಟು.

ಕೆಳಗಿನ ಅಜ್ಜಿಗೆ ಮೊದಲ ಡಬ್ಬಿಯಿಂದ ಒಂದು ತಟ್ಟೆ ಹೋಗುತ್ತದೆ. ಅವರು ಒಂದು ಮುರಿದು ಒಳಗೆ ನೋಡುತ್ತಾರೆ, ಮೂಸುತ್ತಾರೆ, ನಿಧಾನಕ್ಕೆ ಅಗಿಯುತ್ತಾರೆ. ಕೊನೆಗೆ "ಬಸ್ಡ್ ಶೋ" ಅಂತಾರೆ. ಪರವಾಗಿಲ್ಲ, ನಡೆಯುತ್ತೆ ಅಂತ ಅದರ ಅರ್ಥ. ಈ ಫ್ರಾಂಕನ್ ಸೀಮೆಯವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಹೊರಡುವುದಿಲ್ಲ ಅಂತ ಇಲ್ಲಿ ಬಂದು ಬಹಳ ದಿನದ ಮೇಲೆ ಗೊತ್ತಾಯಿತು.

ಮೊಟ್ಟೆ ತಿನ್ನದವರಿಗೆ ಕಂದು ಲೇಬ್‌ಕೂಖನ್ ಇದೆ. ಅದು ಬಡವರ ಮನೆಯ ತಂಗಿ ಅಂತ ಯಾರೂ ತಿಳಿಯಬೇಡಿ, ವಯಸ್ಸಿನಲ್ಲಿ ಅದೇ ಅಕ್ಕ. 250 ಗ್ರಾಂ ಜೇನು, 80 ಗ್ರಾಂ ಬೆಲ್ಲದ ಪುಡಿ, 50 ಗ್ರಾಂ ಬೆಣ್ಣೆ ಬಿಸಿ ಮಾಡಿ ಕರಗಿಸಿ ಆರಿಸಿ. 400 ಗ್ರಾಂ ಹಿಟ್ಟು (ಅರ್ಧ ಮೈದಾ, ಅರ್ಧ ಗೋಧಿ), ಮೂರು ಚಮಚ ಮಸಾಲೆ, 100 ಗ್ರಾಂ ಅರೆದ ಸಿಪ್ಪೆ, ಒಂದು ಸಣ್ಣ ಚಮಚ ಅಡುಗೆ ಸೋಡಾ, ಎರಡು ಮೂರು ಚಮಚ ಹಾಲು. ಕಲಸಿ ತಂಪಾದ ಕಡೆ ಒಂದು ದಿನ ಇಡಿ. ಹಿಂದಿನವರು ಬರೀ ಜೇನು ಹಿಟ್ಟು ಕಲಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, 175 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಇದು ಮೊದಲು ಗಟ್ಟಿಯಾಗಿ ಹೆದರಿಸುತ್ತದೆ. ಸೇಬಿನ ಸೀಳಿನ ಜೊತೆ ಡಬ್ಬಿಯಲ್ಲಿ ವಾರ ಕಳೆದರೆ ತಾನಾಗಿ ಮೆತ್ತಗಾಗುತ್ತದೆ. ಆಯಿ ಇಲ್ಲಿಗೆ ಬಂದಾಗ ನಾನು ಮಾಡುವುದು ಇದನ್ನೇ. ಚಹಾದಲ್ಲಿ ಅದ್ದಿಕೊಂಡು ತಿಂದಳು, ಮಾದಲ ಹಾಕಿದ್ದು ಗೊತ್ತಾಯಿತು, ಏನೂ ಹೇಳಲಿಲ್ಲ, ಇನ್ನೊಂದು ತೆಗೆದುಕೊಂಡಳು.

ಬೆಂಗಳೂರು, ಮೈಸೂರಲ್ಲಿ ಮಾಡುವವರು ಕೇಳುವುದು ಒಂದೇ: ಟೂಟಿ ಫ್ರೂಟಿ ಹಾಕಬಹುದಾ? ಹಾಕಬಹುದು, ಮೆತ್ತಗೂ ಬರುತ್ತದೆ. ಆದರೆ ಅದು ಪಪ್ಪಾಯಿ ಕಾಯಿ. ಕಿತ್ತಳೆ ಸಿಪ್ಪೆಯ ಎಣ್ಣೆ ಅದರಲ್ಲಿಲ್ಲ, ಹಾಗಾಗಿ ಪರಿಮಳ ಬರುವುದಿಲ್ಲ. ಅರ್ಧ ಟೂಟಿ ಫ್ರೂಟಿ, ಅರ್ಧ ಮನೆಯಲ್ಲಿ ಮಾಡಿದ ಕಿತ್ತಳೆ ಸಿಪ್ಪೆ ಹಾಕಿ. ಕೊಡಗಿನ ಕಿತ್ತಳೆ ಸಿಪ್ಪೆ ತೆಳು, ಒಂದೆರಡು ಸಲ ಕುದಿಸಿದರೆ ಸಾಕು. ಹೇರಳೆಕಾಯಿ ಸಿಕ್ಕರೆ ಬಿಡಬೇಡಿ. ಹೇಸಲ್‌ನಟ್ಟಿನ ಬದಲು ಗೋಡಂಬಿ ಅಥವಾ ಅಕ್ರೋಟು. ಒಬ್ಲಾಟೆನ್ ಇಲ್ಲದಿದ್ದರೆ ಬಟರ್ ಪೇಪರ್ ಮೇಲೆ ಹಚ್ಚಿ, ಆರಿದ ಮೇಲೆ ಬಿಡಿಸಿ. ಸೆಖೆ ಊರಲ್ಲಿ ರಾತ್ರಿಯಿಡೀ ಹೊರಗಿಡಬೇಡಿ, ಹಿಟ್ಟಿನಲ್ಲಿ ಮೊಟ್ಟೆ ಇದೆ. ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟರೆ ಅದೇ ಪದರ ಬರುತ್ತದೆ.

ಸಿಪ್ಪೆ ಸೋಸಿದ ಮೇಲೆ ಉಳಿಯುವ ಪಾಕ ಚೆಲ್ಲಬೇಡಿ. ಬಾಟಲಿಯಲ್ಲಿ ಫ್ರಿಜ್ಜಿನಲ್ಲಿ ತಿಂಗಳು ಇರುತ್ತದೆ. ನಾನು ಕಷಾಯಕ್ಕೆ ಬೆಲ್ಲದ ಬದಲು ಒಂದು ಚಮಚ ಹಾಕಿಕೊಳ್ಳುತ್ತೇನೆ. ಮಗ ದೋಸೆಗೆ ಸುರಿದುಕೊಳ್ಳುತ್ತಾನೆ. ನಮ್ಮನೆಯವರು ಮೊಸರನ್ನಕ್ಕೆ ಹಾಕಿಕೊಂಡು ತಿನ್ನುತ್ತಾರೆ, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.